ಮರದ ಕಯಾಕ್ ನಮ್ಮ ಮಳೆಗಾಲ ತಡೀತದಾ?

ಪ್ರಶ್ನೆ: ನನ್ನ ಮನೆ ಬ್ರಹ್ಮಾವರದ ಹತ್ರ, ಸೀತಾ ನದಿಗೆ ನಡ್ಕೊಂಡು ಹೋಗುವಷ್ಟು ದೂರ. ಸಾಲಿಗ್ರಾಮದ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮಧ್ಯೆ ಕಯಾಕ್, ಅಂದ್ರೆ ಕೂತು ಹುಟ್ಟು ಹಾಕುವ ಸಪೂರ ದೋಣಿ, ಬಾಡಿಗೆಗೆ ತಗೊಂಡು ಒಂದೆರಡು ಸಲ ಹೋದವ, ಈಗ ಮರದಲ್ಲಿ ನಾನೇ ಒಂದು ಮಾಡಿದ್ರೆ ಹೇಗೆ ಅಂತ ಆಸೆ. ನಮ್ಮ ಆಚಾರ್ರು ಹೆಬ್ಬಲಸಿನಲ್ಲಿ ಮಾಡುವ, ನೂರು ವರ್ಷ ಬರ್ತದೆ ಅಂತಾರೆ. ನನ್ನ ಹತ್ರ ವಾರ್ಡ್‌ರೋಬ್ ಮಾಡಿ ಉಳಿದ 6 ಎಂಎಂ ಪ್ಲೈವುಡ್ ಮೂರು ಶೀಟ್ ಉಂಟು, ಅದು ಆಗ್ತದಾ? ಅಂಟಿಸ್ಲಿಕ್ಕೆ, ಮೇಲೆ ಬಳೀಲಿಕ್ಕೆ ಬೇಕಾದ ರೆಸಿನ್ ಮಲ್ಪೆಯಲ್ಲಿ ಫೈಬರ್ ಕೆಲಸದವರ ಹತ್ರ ತಂದ್ರೆ ಸಾಕಾ? ಉಪ್ಪು ನೀರು, ಮೇಲಿಂದ ನಮ್ಮ ಮಳೆ, ಇದಕ್ಕೆಲ್ಲ ಮರದ ಕಯಾಕ್ ಎಷ್ಟು ವರ್ಷ ತಡೀತದೆ?

ಉತ್ತರ: ಕೊನೆ ಪ್ರಶ್ನೆಯಿಂದಲೇ ಶುರು ಮಾಡ್ತೇನೆ, ಯಾಕಂದ್ರೆ ಉಳಿದದ್ದೆಲ್ಲ ಅಲ್ಲಿಗೇ ಬಂದು ನಿಲ್ಲುದು. ತಡೀತದೆ, ಸರಿಯಾಗಿ ಮಾಡಿದ್ದು ಇಪ್ಪತ್ತು ವರ್ಷ ಆರಾಮಲ್ಲಿ. ಆದ್ರೆ ನೀವು ಹೆದರಿದ್ದು ಉಪ್ಪು ನೀರಿಗೆ, ಹೆದರಬೇಕಾದ್ದು ಮಳೆ ನೀರಿಗೆ ಮಾರ್ರೆ. ಮರ ಕುಂಬಾಗುದು ಒಂದು ಥರದ ಬೂಸ್ಟಿನಿಂದ, ಆ ಬೂಸ್ಟಿಗೆ ಉಪ್ಪು ಆಗಿ ಬರುದಿಲ್ಲ, ಸಿಹಿ ನೀರು ಅಂದ್ರೆ ಜೀವ. ಮರದ ಒಳಗಿನ ತೇವ ನೂರಕ್ಕೆ ಇಪ್ಪತ್ತು ದಾಟಿ ಹಾಗೇ ನಿಂತ್ರೆ ಅದು ಬೆಳೀಲಿಕ್ಕೆ ಶುರು. ನಮ್ಮಲ್ಲಿ ಜನವರಿಯಲ್ಲಿ ನೆರಳಲ್ಲಿಟ್ಟ ಒಣ ಮರದ ತೇವ ಸಾಧಾರಣ 12 ಪರ್ಸೆಂಟ್ ಇರ್ತದೆ, ಅದೇ ಮರ ಜುಲೈಯಲ್ಲಿ ಒಂದು ಹನಿ ಮಳೆ ತಾಗದೆ ಬರೀ ಗಾಳಿಯಿಂದಲೇ 20ರ ಹತ್ರ ಹೋಗ್ತದೆ. ಅಂದ್ರೆ ನಮ್ಮ ಮಳೆಗಾಲದಲ್ಲಿ ಮರ ಯಾವಾಗ್ಲೂ ಗೆರೆಯ ಮೇಲೇ ನಿಂತಿರ್ತದೆ, ಒಂದು ಸಣ್ಣ ತೂತಿನಿಂದ ನೀರು ಹೋದ್ರೆ ಆಯ್ತು, ಲಗಾಡಿ.

ಇದನ್ನು ಪುಸ್ತಕ ಓದಿ ಹೇಳುದಲ್ಲ. ನನ್ನ ಮೊದಲ ಕಯಾಕನ್ನು ನಾನು ಕೊಂದದ್ದು ನದಿಯಲ್ಲಿ ಅಲ್ಲ, ಮನೆ ಅಂಗಳದಲ್ಲಿ. ಆ ಕತೆ ಮುಂದೆ ಬರ್ತದೆ.

ಈಗ ಹೆಬ್ಬಲಸಿನ ವಿಷಯ. ನಿಮ್ಮ ಆಚಾರ್ರು ಹೇಳಿದ್ದು ತಪ್ಪಲ್ಲ, ಅವರ ಲೆಕ್ಕ ಬೇರೆ ದೋಣಿಯದ್ದು. ನಮ್ಮ ಕರಾವಳಿಯಲ್ಲಿ ದೋಣಿಗೆ ಹೆಬ್ಬಲಸು, ಮಾವು, ಬೋಗಿ ಇವೆಲ್ಲ ತಲೆತಲಾಂತರದಿಂದ ಬಂದದ್ದು. ಹಿಂದೆ ರಂಪಣಿ ದೋಣಿಗಳಲ್ಲಿ, ಅಂದ್ರೆ ದೊಡ್ಡ ಬಲೆ ಬಿಟ್ಟು ದಡಕ್ಕೆ ಎಳೆಯುವ ಮೀನುಗಾರಿಕೆಯ ದೋಣಿಗಳಲ್ಲಿ, ಹಲಗೆಗೆ ಹಲಗೆ ಇಟ್ಟು ತೂತು ಮಾಡಿ ಹುರಿಹಗ್ಗದಲ್ಲಿ ಹೊಲಿಯುತ್ತಿದ್ರು, ಮೊಳೆ ಇಲ್ಲ, ಮೇಲಿಂದ ಗೇರುಬೀಜದ ಸಿಪ್ಪೆಯ ಎಣ್ಣೆಯೋ ಮೀನಿನ ಎಣ್ಣೆಯೋ ಬಳಿಯುದು. ಆ ದೋಣಿಗೆ ಭಾರ ಇದ್ದಷ್ಟೂ ಒಳ್ಳೇದು, ಅಲೆಗೆ ಹಾರುದಿಲ್ಲ, ಎಳೀಲಿಕ್ಕೆ ಜನ ಇದ್ರು. ಕಯಾಕ್ ಹಾಗಲ್ಲ. ನೀವೊಬ್ಬರೇ ಅದನ್ನು ಹೆಗಲ ಮೇಲೆ ಹಾಕ್ಕೊಂಡು ಗದ್ದೆ ಬದುವಿನಲ್ಲಿ ನಡೀಬೇಕು, ಕಾರಿನ ಮೇಲೆ ಎತ್ತಬೇಕು, ಮಗುಚಿದಾಗ ನೀರಲ್ಲಿ ನಿಂತು ತಿರುಗಿಸಬೇಕು. ಇಪ್ಪತ್ತು ಇಪ್ಪತ್ತೆರಡು ಕೆಜಿ ಒಳಗೆ ಇದ್ರೆ ವಾರಕ್ಕೆರಡು ಸಲ ನೀರಿಗೆ ಹೋಗ್ತೀರಿ, ಮೂವತ್ತೈದು ಆದ್ರೆ ಎರಡನೇ ತಿಂಗಳಿಂದ ಅದು ಬಟ್ಟೆ ಒಣಗಿಸ್ಲಿಕ್ಕೆ. ಕಯಾಕ್ ಹುಟ್ಟಿದ್ದೇ ಮರ ಬೆಳೆಯದ ಊರಲ್ಲಿ, ಉತ್ತರ ಧ್ರುವದ ಬದಿಯ ಇನುಯಿಟ್ ಜನ ಸಮುದ್ರದಲ್ಲಿ ತೇಲಿ ಬಂದ ಮರದ ತುಂಡು, ತಿಮಿಂಗಿಲದ ಎಲುಬು ಸೇರಿಸಿ ಗೂಡು ಕಟ್ಟಿ ಸೀಲ್ ಚರ್ಮ ಹೊಲಿದು ಹೊದಿಸಿದ್ದು. ಒಬ್ಬ ಮನುಷ್ಯ ಎತ್ತುವಷ್ಟೇ ತೂಕ ಅನ್ನುದು ಅದರ ಜನ್ಮಗುಣ.

ಹಾಗಾಗಿ ಮೊದಲ ಸಲ ಮಾಡುವವರಿಗೆ ನಾನು ಹೇಳುದು 4 ಎಂಎಂ ಪ್ಲೈವುಡ್, ಹೊಲಿದು ಅಂಟಿಸುವ ಪದ್ಧತಿ. ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ಮಿರರ್ ಅನ್ನುವ ಸಣ್ಣ ಹಾಯಿದೋಣಿಯಿಂದ ಇದು ಮನೆಮನೆಗೆ ಹೋಯ್ತು, ಪ್ಲೈವುಡ್ ಪಟ್ಟಿಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು ಸಂದಿಗೆ ರೆಸಿನ್ ತುಂಬಿ ಮೇಲೆ ಗ್ಲಾಸ್ ಟೇಪ್ (ಗಾಜಿನ ನೂಲಿನ ಪಟ್ಟಿ) ಹಾಕುದು. ನೋಡಿದ್ರೆ ನಮ್ಮ ರಂಪಣಿ ದೋಣಿಯವರಿಗೆ ನಗು ಬರ್ತಿತ್ತೇನೋ, ಹೊಲಿಯುದು ಅವರಿಗೆ ಹೊಸತಾ? ಆರು ಎಂಎಂ ದಪ್ಪದ ಸಪೂರ ಮರದ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ ಮಾಡುವ ಪದ್ಧತಿ ಇನ್ನೊಂದು ಉಂಟು, ನೋಡ್ಲಿಕ್ಕೆ ವೀಣೆ ಹಾಗೆ ಚಂದ, ಆದ್ರೆ ಪ್ಲೈವುಡ್ಡಿಂದು ನೂರು ಗಂಟೆಯ ಕೆಲಸ ಆದ್ರೆ ಇದು ಇನ್ನೂರು ಮುನ್ನೂರು. ಅದಕ್ಕೆ ಆಸೆ ಆದ್ರೆ ಗಂಧಗರಿಗೆ ಅಥವಾ ಶಿವನೆ ಮರ ನೋಡಿ, ಎರಡೂ ಹಗುರ, ಸಾಗುವಾನಿ ಬೇಡ, ಅದು ಭಾರ ಮತ್ತೆ ಅದರ ಎಣ್ಣೆಗೆ ಅಂಟು ಸರಿ ಹಿಡಿಯುದಿಲ್ಲ. ಹಾಂ, ಗೇರು ಎಣ್ಣೆ ಹೇಳಿದೆ ಅಂತ ಮೊದಲೇ ಅದನ್ನು ಬಳಿದು ಕೂರ್ಬೇಡಿ, ಅದರ ಮೇಲೆ ಎಪಾಕ್ಸಿ, ಅಂದ್ರೆ ನಾವು ಬಳಸುವ ರೆಸಿನ್, ನಿಲ್ಲುದಿಲ್ಲ.

ನಿಮ್ಮ 6 ಎಂಎಂ ಶೀಟು. ಬೇಡ. ಕಾರಣ ಹೇಳ್ತೇನೆ. ಎಂಟಕ್ಕೆ ನಾಲ್ಕರ ಒಂದು ಶೀಟ್ ಸುಮಾರು ಮೂರು ಚದರ ಮೀಟರ್. ನಮ್ಮಲ್ಲಿ ಸಿಗುವ ಗಟ್ಟಿ ಮರದ ಪ್ಲೈವುಡ್ 6 ಎಂಎಂದು ಹನ್ನೆರಡು ಕೆಜಿ ಮೇಲೆ ತೂಗ್ತದೆ, ಅದೇ ಮರ 4 ಎಂಎಂ ಆದ್ರೆ ಎಂಟು ಕೆಜಿ ಆಸುಪಾಸು, ಒಕುಮೆ ಅಂತ ಆಫ್ರಿಕಾದ ಹಗುರ ಮರದ ಪ್ಲೈ 4 ಎಂಎಂ ಆದ್ರೆ ಐದೂವರೆ. ಮೂರು ಶೀಟಿಗೆ ಗುಣಿಸಿ ನೋಡಿ. ಕತ್ತರಿಸಿದ್ರಲ್ಲಿ ವೇಸ್ಟ್ ಹೋಗ್ತದೆ ಅಂತಿಟ್ಕೊಂಡ್ರೂ ನಿಮ್ಮ ದೋಣಿ ರೆಸಿನ್ ಹಾಕುವ ಮೊದಲೇ ಒಕುಮೆಯದ್ದಕ್ಕಿಂತ ಹದಿನೈದು ಕೆಜಿ ಜಾಸ್ತಿ. ಮತ್ತೆ 6 ಎಂಎಂ ಮೂತಿ ಹತ್ರ ತಿರುಚ್ಲಿಕ್ಕೆ ಒಪ್ಪುದಿಲ್ಲ, ಬಲ ಹಾಕಿದ್ರೆ ತಂತಿಯೇ ಮರವನ್ನು ಕೊಯ್ತದೆ. ಒಳಗಿನ ಅಡ್ಡಗೋಡೆಗೆ, ಸೀಟಿಗೆ, ದೋಣಿ ಕೂರಿಸುವ ಸ್ಟ್ಯಾಂಡಿಗೆ ಅದು ಧಾರಾಳ ಆಗ್ತದೆ, ಬಿಸಾಡ್ಬೇಡಿ.

ಇನ್ನೊಂದು, ವಾರ್ಡ್‌ರೋಬಿಂದು ಅಂದ್ರೆ ಅದು ಹೆಚ್ಚಾಗಿ ಐಎಸ್ 303 ಮಾಲು, ಅಂದ್ರೆ ಮನೆ ಕೆಲಸಕ್ಕೆ ಮಾಡಿದ ಸಾಮಾನ್ಯ ಪ್ಲೈ. ನಿಮಗೆ ಬೇಕಾದ್ದು ಐಎಸ್ 710, ಅದೇ ಮರೀನ್ ಪ್ಲೈ, ಅದರ ಟೆಸ್ಟೇ 72 ಗಂಟೆ ಕುದಿಸುದು. ವಿದೇಶದ್ದಾದ್ರೆ ಬಿಎಸ್ 1088. ಆದ್ರೆ ಸೀಲ್ ನೋಡಿ ಮಾತ್ರ ನಂಬ್ಬೇಡಿ. ನಾನೊಮ್ಮೆ ಒಂದು ಅಂಗಡಿಯಿಂದ 710 ಸೀಲ್ ಇದ್ದದ್ದನ್ನೇ ತಂದೆ, ಮೂಲೆಯಿಂದ ಅಂಗೈಯಗಲದ ತುಂಡು ಕೊಯ್ದು ಬಚ್ಚಲಿನ ಹಂಡೆಗೆ ಹಾಕಿದೆ, ಕಲ್ಲು ಕಟ್ಟಿ ಮುಳುಗಿಸಿ. ನಮ್ಮಲ್ಲಿ ಬೆಳಿಗ್ಗೆ ಸಂಜೆ ಹಂಡೆಗೆ ಬೆಂಕಿ ಹಾಕುದು ಉಂಟಲ್ಲ, ಕುದಿದು ತಣಿದು ಕುದಿದು ತಣಿದು ಒಳ್ಳೆ ಪರೀಕ್ಷೆ. ಮರುದಿನ ಸಂಜೆ ಅಮ್ಮ ಸ್ನಾನಕ್ಕೆ ಹೋದವರು ಕರೆದ್ರು, ನಿನ್ನ ಹಲಗೆ ಪತ್ರೊಡೆ ಸುರುಳಿ ಬಿಚ್ಚಿದ ಹಾಗೆ ಆಗಿದೆ ನೋಡು ಅಂತ. ಹೌದು, ಪದರ ಪದರ ಬೇರೆ, ಮಧ್ಯದ ಪದರಕ್ಕೆ ಅಂಟೇ ತಾಗಿರ್ಲಿಲ್ಲ. ಶೀಟ್ ವಾಪಸ್ ಕೊಟ್ಟೆ, ಬಹಳ ಜಗಳ ಆಯ್ತು, ಅದು ಬಿಡಿ. ಮೂರು ದಿನ ಹಂಡೆಯಲ್ಲಿ ನಿಂತ ತುಂಡನ್ನು ಚೂರಿ ಮೊನೆಯಲ್ಲಿ ಮೀಟಿ ನೋಡಿ, ಮರ ಸೀಳ್ಬೇಕು, ಪದರ ಬಿಡ್ಬಾರ್ದು. ಕೊಯ್ದ ಅಂಚಿನಲ್ಲಿ ಸಂದಿ, ಪೊಳ್ಳು ಕಂಡ್ರೂ ಬೇಡ. ಒಕುಮೆ ನಮ್ಮ ಊರಿನ ಅಂಗಡಿಯಲ್ಲಿ ಸುಲಭಕ್ಕೆ ಸಿಗುದಿಲ್ಲ, ಆರ್ಡರ್ ಕೊಟ್ಟು ತರಿಸ್ಬೇಕು, ಲಾರಿ ಬಾಡಿಗೆ ಸೇರಿ ಮಂಡೆ ಬಿಸಿ ಆಗ್ತದೆ, ಆದ್ರೆ ಆಗುವುದಾದ್ರೆ ಅದೇ ತಗೊಳ್ಳಿ.

ರೆಸಿನ್. ಮಲ್ಪೆಯಲ್ಲಿ ಬೋಟಿಗೆ ಫೈಬರ್ ಹಾಕುವವರು ಬಳಸುದು ಪಾಲಿಯೆಸ್ಟರ್ ರೆಸಿನ್ ಮತ್ತೆ ಮ್ಯಾಟ್ (ಗಾಜಿನ ಎಳೆಯ ತುಂಡುಗಳನ್ನು ಅಂಟಿಸಿ ಮಾಡಿದ ಹಾಳೆ), ಆ ಮೂಗು ಸುಡುವ ವಾಸನೆ ಉಂಟಲ್ಲ ಅದು. ಅವರ ಕೆಲಸಕ್ಕೆ ಅದು ಸರಿ, ಪೂರ್ತಿ ಫೈಬರಿನ ದೋಣಿಗೆ. ಮರಕ್ಕೆ ಪಾಲಿಯೆಸ್ಟರ್ ಗಟ್ಟಿ ಹಿಡಿಯುದಿಲ್ಲ, ಒಂದೆರಡು ವರ್ಷದಲ್ಲಿ ಗುಳ್ಳೆ ಎದ್ದು ಹಪ್ಪಳದ ಹಾಗೆ ಕಳಚ್ತದೆ, ಒಳಗೆ ನೀರು ಕೂತು ಮರ ಹೋಗ್ತದೆ. ನಿಮಗೆ ಎಪಾಕ್ಸಿಯೇ ಆಗ್ಬೇಕು. ಬಟ್ಟೆ ಕೂಡ ಮ್ಯಾಟ್ ಅಲ್ಲ, ಅದರ ಎಳೆಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರಲ್ಲಿ ಕರಗುವ ಹಾಗೆ ಎಪಾಕ್ಸಿಯಲ್ಲಿ ಕರಗುದಿಲ್ಲ, ನೇಯ್ದ ಗ್ಲಾಸ್ ಬಟ್ಟೆ, ಚದರ ಮೀಟರಿಗೆ 200 ಗ್ರಾಂ ತೂಗುದು, ಅಂದ್ರೆ 200 ಜಿಎಸ್‌ಎಂ ತಗೊಳ್ಳಿ, ಒದ್ದೆ ಆದ ಕೂಡ್ಲೇ ಗಾಜಿನ ಹಾಗೆ ಪಾರದರ್ಶಕ ಆಗ್ತದೆ, ಮರ ಹಾಗೇ ಕಾಣ್ತದೆ. ಹದಿನಾಲ್ಕು ಅಡಿಯ ದೋಣಿಗೆ ಎಪಾಕ್ಸಿ ಏಳೆಂಟು ಕೆಜಿ ಬೇಕಾಗ್ತದೆ. ಖರ್ಚಿನಲ್ಲಿ ದೊಡ್ಡ ಪಾಲು ಇದೇ, ಮರ ಅಲ್ಲ. ರೇಟ್ ನಾನು ಬರೆಯುದಿಲ್ಲ, ತಿಂಗಳಿಗೊಂದು ರೇಟ್. ನಿಜ ಹೇಳುದಾದ್ರೆ ಮರದ ಕಯಾಕ್ ಅಂದ್ರೆ ಎಪಾಕ್ಸಿಯ ಚಿಪ್ಪು, ಮರ ಒಳಗೆ ಇರುದು ಅದಕ್ಕೆ ಆಕಾರ ಕೊಡ್ಲಿಕ್ಕೆ, ಬಿಗಿ ಕೊಡ್ಲಿಕ್ಕೆ.

ಎಪಾಕ್ಸಿ ಕಲಸುದು ಅಡಿಗೆ ಥರ ಅಲ್ಲ, ಅಂದಾಜು ನಡೆಯುದಿಲ್ಲ. ಡಬ್ಬದಲ್ಲಿ ಬರೆದ ಅಳತೆ ತೂಕದ್ದಾ ಮಿಲಿ ಲೆಕ್ಕದ್ದಾ ಅಂತ ಮೊದಲು ನೋಡಿ, ನಮ್ಮಲ್ಲಿ ಸಾಮಾನ್ಯ ಸಿಗುವ ಎಲ್‌ವೈ 556, ಎಚ್‌ವೈ 951 ಜೋಡಿಗೆ (ಮೊದಲಿನದ್ದು ರೆಸಿನ್, ಎರಡನೇದು ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್) ತೂಕದಲ್ಲಿ ನೂರಕ್ಕೆ ಹತ್ತು. ಅಡಿಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ವಾಪಸ್ ಅಡಿಗೆಮನೆಗೆ ಕೊಡ್ಬೇಡಿ. ಹಾರ್ಡ್‌ನರ್ ಜಾಸ್ತಿ ಹಾಕಿದ್ರೆ ಬೇಗ ಗಟ್ಟಿಯಾಗ್ತದೆ ಅಂತ ಕೆಲವರಿಗೆ ಭ್ರಮೆ, ಆಗುದಿಲ್ಲ, ಯಾವಾಗ್ಲೂ ಅಂಟಂಟು ಉಳೀತದೆ. ಮತ್ತೆ ಒಂದ್ಸಲಕ್ಕೆ ನೂರು ನೂರೈವತ್ತು ಗ್ರಾಂಗಿಂತ ಜಾಸ್ತಿ ಕಲಸ್ಬೇಡಿ. ಕಲಸಿದ ಕೂಡ್ಲೇ ಅದು ಬಿಸಿ ಹುಟ್ಟಿಸ್ತದೆ, ಒಂದೇ ಪಾತ್ರೆಯಲ್ಲಿ ಗುಡ್ಡೆ ಇದ್ದಷ್ಟೂ ಬಿಸಿ ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ, ಬಿಸಿ ಆದಷ್ಟೂ ಇನ್ನೂ ಬೇಗ ಗಟ್ಟಿ. ಏಪ್ರಿಲ್ ತಿಂಗಳ ಮಧ್ಯಾಹ್ನ ನಾನು ಗಡಿಬಿಡಿಯಲ್ಲಿ ಐಸ್ ಕ್ರೀಮ್ ಡಬ್ಬದಲ್ಲಿ ನಾನೂರು ಗ್ರಾಂ ಒಟ್ಟಿಗೇ ಕಲಸಿದ್ದೆ, ಬ್ರಷ್ ಹುಡುಕಿ ಬರುವಷ್ಟರಲ್ಲಿ ಡಬ್ಬ ಸೊಟ್ಟಗಾಗಿ ಬಿಳಿ ಹೊಗೆ ಏಳ್ತಾ ಇತ್ತು, ಹೆಂಡತಿ ತೆಂಗಿನ ಗರಿಯಲ್ಲಿ ತಳ್ಳಿ ಅಂಗಳಕ್ಕೆ ಹಾಕಿದ್ಳು, ಬ್ರಷ್ ಅದರಲ್ಲೇ ನಿಂತು ಶಿಲೆ ಆಗಿತ್ತು, ಈಗ್ಲೂ ಇಟ್ಟಿದ್ದೇನೆ. ಕಲಸಿದ್ದನ್ನು ಅಗಲ ಬಾಯಿಯ ತಟ್ಟೆಗೆ ಸುರಿದ್ರೆ ಟೈಮ್ ಸಿಗ್ತದೆ.

ಗ್ಲೌಸ್ ಹಾಕಿ, ಇದು ತಮಾಷೆ ವಿಷಯ ಅಲ್ಲ. ಎಪಾಕ್ಸಿ ಕೆಲವರಿಗೆ ಮೆಲ್ಲ ಅಲರ್ಜಿ ಹಿಡಿಸ್ತದೆ, ಒಮ್ಮೆ ಹಿಡಿದ್ರೆ ಜೀವಮಾನಕ್ಕೆ, ಮತ್ತೆ ವಾಸನೆ ತಾಗಿದ್ರೂ ಕೈ ಮುಖ ಊದುದು. ಕೈಗೆ ತಾಗಿದ್ದನ್ನು ಥಿನ್ನರ್ ಹಾಕಿ ತೊಳೀಬೇಡಿ, ಇನ್ನೂ ಒಳಗೆ ಹೋಗ್ತದೆ, ಸೋಪು ನೀರು. ಉಜ್ಜುವಾಗ ಒಳ್ಳೆ ಮಾಸ್ಕ್.

ಕಟ್ಟುವ ಕೆಲಸವನ್ನು ಇಲ್ಲಿ ಪೂರ್ತಿ ಹೇಳ್ಲಿಕ್ಕೆ ಆಗುದಿಲ್ಲ, ಪ್ಲಾನ್ ದುಡ್ಡು ಕೊಟ್ಟು ತಗೊಳ್ಳಿ, ಅಮೆರಿಕದ ಚೆಸಪೀಕ್ ಲೈಟ್ ಕ್ರಾಫ್ಟ್‌ನಂಥವರು ಪ್ಲಾನ್ ಮಾತ್ರ ಕೂಡ ಮಾರ್ತಾರೆ, ಅದರಲ್ಲಿ ಇಂಚಿಂಚು ಇರ್ತದೆ. ನಾನು ಹೇಳುದು ಪ್ಲಾನಿನಲ್ಲಿ ಇಲ್ಲದ್ದು. ಎಂಟು ಅಡಿ ಶೀಟನ್ನು ಉದ್ದ ಮಾಡ್ಲಿಕ್ಕೆ ಎರಡು ಅಂಚನ್ನೂ ಇಳಿಜಾರು ಕೀಸಿ ಅಂಟಿಸ್ಬೇಕು, ದಪ್ಪದ ಎಂಟು ಪಟ್ಟು, 4 ಎಂಎಂಗೆ 32 ಎಂಎಂ. ಇಲ್ಲಿ ನಿಮ್ಮ ಆಚಾರ್ರನ್ನು ಕರೀರಿ, ಅವರ ಕೀಸುಳಿ ಇದಕ್ಕೆಂದೇ ಇರುದು, ಶೀಟುಗಳನ್ನು ಮೆಟ್ಟಿಲ ಹಾಗೆ ಒಂದರ ಮೇಲೊಂದಿಟ್ಟು ನಾಲ್ಕೂ ಒಟ್ಟಿಗೆ ಕೀಸಿ ಕೊಡ್ತಾರೆ, ಅರ್ಧ ಗಂಟೆ. ಹೆಬ್ಬಲಸಿನ ಬೇಜಾರೂ ಹೋಗ್ತದೆ. ಹೊಲಿಯುವ ತಾಮ್ರದ ತಂತಿಗೆ ಹಾರ್ಡ್‌ವೇರ್ ಅಂಗಡಿ ಬೇಡ, ಪಂಪ್ ಮೋಟಾರ್ ರಿವೈಂಡಿಂಗ್ ಮಾಡುವವರ ಹತ್ರ ಹಳೆ ತಂತಿ ಕೆಜಿಗಟ್ಟಲೆ ಇರ್ತದೆ. ಕ್ಲಾಂಪ್ ಎಷ್ಟಿದ್ರೂ ಸಾಲುದಿಲ್ಲ, ನಾಲ್ಕಿಂಚಿನ ಪಿವಿಸಿ ಪೈಪನ್ನು ಬಳೆ ಬಳೆ ಕೊಯ್ದು ಒಂದು ಬದಿ ಸೀಳಿದ್ರೆ ಐವತ್ತು ಕ್ಲಾಂಪ್ ಆಯ್ತು.

ಹೊಲಿದು ಮುಗಿದ ಮೇಲೆ, ಅಂಟು ಹಾಕುವ ಮೊದಲು, ಎರಡು ಉದ್ದ ನೇರ ಪಟ್ಟಿಯನ್ನು ಮುಂದೊಂದು ಹಿಂದೊಂದು ಅಡ್ಡ ಇಟ್ಟು ಮೂತಿ ಬದಿಯಿಂದ ಒಂದು ಕಣ್ಣು ಮುಚ್ಚಿ ನೋಡಿ. ಎರಡೂ ಪಟ್ಟಿ ಒಂದಕ್ಕೊಂದು ಸಮ ಕಾಣ್ಬೇಕು. ಇಲ್ಲದಿದ್ರೆ ದೋಣಿ ತಿರುಚಿದೆ ಅಂತ ಅರ್ಥ, ಈಗ ಕೈಯಲ್ಲಿ ಒತ್ತಿದ್ರೆ ಸರಿ ಆಗ್ತದೆ, ಅಂಟು ಒಣಗಿದ ಮೇಲೆ ದೇವರು ಬಂದ್ರೂ ಆಗುದಿಲ್ಲ, ಜೀವಮಾನ ಪೂರ್ತಿ ಎಡಕ್ಕೆ ಎಳೀತಾ ಇರ್ತದೆ. ಈ ಹಂತದಲ್ಲಿ ಅದು ಜಗಲಿ ತುಂಬ ಮಲಗಿರುವಾಗ ನೆರೆಮನೆಯವರು ಬಂದು "ಎಂತ ಮಾರ್ರೆ, ಯಾರಿಗೆ ಚಟ್ಟ ಕಟ್ಟುದು?" ಅಂತ ಕೇಳಿಯೇ ಕೇಳ್ತಾರೆ, ರೆಡಿ ಇರಿ. ಸಂದಿ ತುಂಬುವ ಎಪಾಕ್ಸಿಗೆ ನೀವೇ ಉಜ್ಜಿದ ಮರದ ನುಣ್ಣನೆ ಹುಡಿ ಹಾಕಿ, ಹದ ಹೇಗೆ ಅಂದ್ರೆ ಬಳಿಯುದಾದ್ರೆ ನೀರುದೋಸೆ ಹಿಟ್ಟು, ಸಂದಿಗಾದ್ರೆ ಚಮಚ ಕುತ್ತ ನಿಲ್ಲುವ ಗಟ್ಟಿ ಚಟ್ನಿ.

ಗ್ಲಾಸ್ ಬಟ್ಟೆ ಹಾಕುದು ಬೆಳಿಗ್ಗೆ ಬೇಡ, ಇದು ಎಲ್ಲರೂ ಮಾಡುವ ತಪ್ಪು, ಬೆಳಿಗ್ಗೆ ತಂಪಿರ್ತದೆ ಅಂತ ಶುರು ಮಾಡ್ತಾರೆ. ಬಿಸಿಲು ಏರಿದ ಹಾಗೆ ಮರದೊಳಗಿನ ಗಾಳಿ ಹಿಗ್ಗಿ ಹೊರಗೆ ಬರ್ತದೆ, ಹಸಿ ಎಪಾಕ್ಸಿ ತುಂಬ ಸಾಸಿವೆ ಕಾಳಿನಷ್ಟು ಗುಳ್ಳೆ. ಮಧ್ಯಾಹ್ನ ಕಳೆದು ಬಿಸಿ ಇಳೀಲಿಕ್ಕೆ ಶುರುವಾದ ಮೇಲೆ ನಾಲ್ಕು ಗಂಟೆಗೆ ಹಾಕಿ, ಆಗ ಮರ ಒಳಗೆ ಎಳ್ಕೊಳ್ತದೆ. ಆದ್ರೆ ಇದು ನಡೆಯುದು ಒಣ ತಿಂಗಳಲ್ಲಿ ಮಾತ್ರ. ಗಾಳಿಯಲ್ಲಿ ತೇವ ಜಾಸ್ತಿ ಇದ್ರೆ ಎಪಾಕ್ಸಿ ಮೇಲೆ ಮೇಣದ ಹಾಗೆ ಜಿಡ್ಡಿನ ಪೊರೆ ಬರ್ತದೆ, ಅದನ್ನು ನೋಡದೆ ಮೇಲಿಂದ ಇನ್ನೊಂದು ಕೋಟ್ ಹೊಡೆದ್ರೆ ಹಿಡಿಯುದಿಲ್ಲ. ಸ್ಯಾಂಡ್ ಪೇಪರ್ ಹಿಡಿಯುವ ಮೊದಲು ಬರೀ ನೀರು, ಪಾತ್ರೆ ತಿಕ್ಕುವ ಸ್ಕ್ರಬ್ಬರ್, ಇಷ್ಟರಲ್ಲೇ ಹೋಗ್ತದೆ.

ಹಾಗಾಗಿ ನಮ್ಮ ಊರಿನ ಪಂಚಾಂಗ ಇದು: ದೀಪಾವಳಿ ಕಳೆದ ಮೇಲೆ ಕೊಯ್ಲಿಕ್ಕೆ ಶುರು, ಡಿಸೆಂಬರಿಂದ ಫೆಬ್ರವರಿಯೊಳಗೆ ಎಪಾಕ್ಸಿ ಕೆಲಸ ಪೂರ್ತಿ, ಮಾರ್ಚಲ್ಲಿ ಉಜ್ಜಿ ಪೇಂಟು ವಾರ್ನಿಶ್. ಮೇ ತಿಂಗಳಲ್ಲಿ ಮೋಡ ಕಟ್ಟಿದ ಮೇಲೆ ಡಬ್ಬ ಮುಟ್ಬೇಡಿ. ಎಪಾಕ್ಸಿಗೆ ಬಿಸಿಲು ಆಗುದಿಲ್ಲ, ಬಿಸಿಲಿಗೆ ಹಳದಿಯಾಗಿ ಹುಡಿ ಏಳ್ತದೆ, ಅದಕ್ಕೇ ಮೇಲೆ ಯುವಿ ತಡೆಯುವ ಮರೀನ್ ವಾರ್ನಿಶ್ ಅಥವಾ ಪೇಂಟ್ ಬೇಕೇಬೇಕು. ಕಪ್ಪು, ಕಡು ನೀಲಿ ಬೇಡ, ನಮ್ಮ ಏಪ್ರಿಲ್ ಬಿಸಿಲಲ್ಲಿ ಕಡು ಬಣ್ಣದ ಡೆಕ್ (ದೋಣಿಯ ಮೇಲ್ಮುಚ್ಚಿಗೆ) ಕೈಯಿಡ್ಲಿಕ್ಕೆ ಆಗದಷ್ಟು ಕಾಯ್ತದೆ, ಅಷ್ಟು ಬಿಸಿಗೆ ಎಪಾಕ್ಸಿ ಮೆತ್ತಗಾಗ್ಲಿಕ್ಕೆ ಶುರು. ಮುಂದಿನ ಹಿಂದಿನ ಅಡ್ಡಗೋಡೆಗೆ ಸೂಜಿ ಗಾತ್ರದ ಒಂದೊಂದು ತೂತು ಬಿಡಿ, ಒಳಗಿನ ಗಾಳಿ ಕಾದು ಹಿಗ್ಗಿದಾಗ ಹೋಗ್ಲಿಕ್ಕೆ, ಇಲ್ಲದಿದ್ರೆ ಸಂದಿ ಬಿಡ್ತದೆ.

ಈಗ ಆ ಮೊದಲ ಕಯಾಕಿನ ಕತೆ. ಎಲ್ಲ ಚಂದ ಆಗಿತ್ತು, ಕೊನೆಗೆ ಕೂರುವ ಜಾಗದ ಅಂಚಿನಲ್ಲಿ ಬೆನ್ನಿಗೆ ಬೆಲ್ಟ್ ಕಟ್ಟುವ ಎರಡು ಸ್ಕ್ರೂ ನೇರ ಮರಕ್ಕೆ ಹೊಡೆದೆ, ಎರಡೇ ಎರಡು. ಜೂನಲ್ಲಿ ನೀಲಿ ಟಾರ್ಪಾಲ್ ಬಿಗಿಯಾಗಿ ಸುತ್ತಿ ತೆಂಗಿನ ಮರದ ಬುಡದಲ್ಲಿ ಇಟ್ಟೆ, ಒಳ್ಳೆ ಮುಚ್ಚಿದ್ದೇನೆ ಅಂತ ನನಗೆ ಧೈರ್ಯ. ಟಾರ್ಪಾಲಿನ ಒಳಗೆ ನಾಲ್ಕು ತಿಂಗಳು ಬೆವರು. ಸೆಪ್ಟೆಂಬರ್ ಕೊನೆಗೆ ಬಿಚ್ಚಿದ್ರೆ ಸ್ಕ್ರೂ ಸುತ್ತ ಅಂಗೈಯಗಲ ಕಪ್ಪು, ಮೇಲೆ ವಾರ್ನಿಶ್ ಹೊಳೀತಾ ಉಂಟು, ಸ್ಕ್ರೂಡ್ರೈವರ್ ಮೊನೆ ಇಟ್ರೆ ಹಣ್ಣು ಹಲಸಿಗೆ ಚುಚ್ಚಿದ ಹಾಗೆ ಒಳಗೆ ಹೋಯ್ತು. ಕೆಳಗೆ ನೆಲಕ್ಕೆ ತಾಗಿದಲ್ಲಿ ಒರಲೆ ಮಣ್ಣು ಬೇರೆ. ಒಂದೂವರೆ ಅಡಿ ಡೆಕ್ ಕೊಯ್ದು ತೆಗೆದು ಪ್ಯಾಚ್ ಹಾಕಿದೆ, ಆದ್ರೂ ಅದು ಮುಂದೆ ಬರ್ಕತ್ತಾಗ್ಲಿಲ್ಲ.

ಅಂದ್ರೆ ಯಾವ ಸ್ಕ್ರೂ ಹಾಕುದಿದ್ರೂ ಮೊದಲು ಅದರ ಎರಡು ಪಟ್ಟು ದೊಡ್ಡ ತೂತು ಕೊರೀರಿ, ಹುಡಿ ಹಾಕಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ಮಧ್ಯದಲ್ಲಿ ಸ್ಕ್ರೂವಿಗೆ ಕೊರೀರಿ, ಮರ ಸ್ಕ್ರೂವನ್ನು ನೋಡ್ಲೇಬಾರ್ದು. ಮಳೆಗಾಲಕ್ಕೆ ಟಾರ್ಪಾಲ್ ಸುತ್ತುದು ಬೇಡ, ಹಂಚಿನ ಮನೆ ಇದ್ರೆ ಚಾವಡಿಯ ಮಾಡಿನ ತೊಲೆಗೆ ಎರಡು ಅಗಲ ಪಟ್ಟಿಯಲ್ಲಿ ತೂಗಿಸಿ, ಎರಡೂ ತುದಿಯಿಂದ ಉದ್ದದ ಕಾಲು ಭಾಗಕ್ಕೆ ಒಂದೊಂದು, ಹೊಟ್ಟೆ ಮೇಲೆ ಮಾಡಿ, ಮುಚ್ಚಳ ಎಲ್ಲ ತೆಗೆದು. ಗಾಳಿ ಆಡ್ಲಿ. ನನ್ನ ಎರಡನೇದು ಹೀಗೇ ತೂಗಿ ಹನ್ನೊಂದು ಮಳೆಗಾಲ ಕಳೆದಿದೆ. ಹೋಗಿ ಬಂದ ಮೇಲೆ ಸಿಹಿ ನೀರಲ್ಲಿ ತೊಳೆಯಿರಿ, ಬಕಲ್ಲು ತುಕ್ಕು ಹಿಡಿಯುದು ತಪ್ತದೆ, ಆದ್ರೆ ಒಳಗೆ ಸ್ಪಂಜಲ್ಲಿ ಒರೆಸಿ ಒಣಗಿಸಿಯೇ ಇಡಿ. ಸಂಕದ ಕಂಬಕ್ಕೆ, ಬಂಡೆಗೆ ಪಚ್ಚಿಲೆ ಹಿಡಿದಿರ್ತದಲ್ಲ, ಅದರ ಚಿಪ್ಪು ತಾಗಿದ್ರೆ ಬ್ಲೇಡಿನ ಹಾಗೆ ಗೀರು, ಬಟ್ಟೆ ದಾಟಿ ಮರ ಕಂಡ್ರೆ ಅವತ್ತೇ ಸೆಲ್ಲೋಟೇಪ್ ಹಚ್ಚಿ, ಒಣಗಿದ ಮೇಲೆ ಎಪಾಕ್ಸಿ. ವರ್ಷಕ್ಕೊಮ್ಮೆ ವಾರ್ನಿಶ್ ಮೇಲೆ ಸ್ವಲ್ಪ ಉಜ್ಜಿ ಒಂದು ಕೋಟ್. ಇಷ್ಟೇ ಸಾಕುದು.

ನೀರಿನ ವಿಷಯ ನೀವು ಕೇಳ್ಲಿಲ್ಲ, ಆದ್ರೂ. ಮೊದಲ ದಿನವೇ ಕೋಡಿಬೆಂಗ್ರೆ ಕಡೆ ಹೋಗ್ಬೇಡಿ, ಸೀತಾ ಸ್ವರ್ಣಾ ಎರಡೂ ಸೇರಿ ಸಮುದ್ರಕ್ಕೆ ಬೀಳುವ ಜಾಗ ಅದು, ಇಳಿತದಲ್ಲಿ ಅಳಿವೆ ಬಾಗಿಲಿನ ಹತ್ರ ನೀರು ಎಳೀತದೆ, ಹೊರಗಿನ ಅಲೆ ಎದುರಿಗೆ ನಿಲ್ತದೆ, ಅಲ್ಲಿ ದೊಡ್ಡ ಬೋಟಿನವರೇ ನೋಡಿ ಹೋಗುದು. ನಿಮ್ಮ ಮನೆ ಹತ್ರ ಕುದ್ರುವಿನ (ನದಿ ನಡುವಿನ ದ್ವೀಪ) ಬದಿಯಲ್ಲಿ ಎದೆಮಟ್ಟ ನೀರಲ್ಲಿ ಬೇಕಂತಲೇ ನಾಲ್ಕು ಸಲ ಮಗುಚಿ ನೋಡಿ, ಒಳಗಿಂದ ಹೊರಗೆ ಬರ್ಲಿಕ್ಕೆ, ದೋಣಿ ತಿರುಗಿಸಿ ನೀರು ಚೆಲ್ಲಿ ವಾಪಸ್ ಹತ್ಲಿಕ್ಕೆ ಕಲ್ತ ಮೇಲೆ ದೂರ. ಭರ್ತ (ಸಮುದ್ರದ ಉಬ್ಬರ) ಏರುವಾಗ ಮೇಲ್ಮುಖ ಹೋಗಿ, ಇಳಿತದಲ್ಲಿ ವಾಪಸ್ ಬಂದ್ರೆ ರಟ್ಟೆಗೆ ಕಷ್ಟ ಇಲ್ಲ. ಲೈಫ್ ಜಾಕೆಟ್ ಸೀಟಿನ ಹಿಂದೆ ಅಲ್ಲ, ಮೈಮೇಲೆ. ಕೋಸ್ಟ್ ಗಾರ್ಡ್ ನಂಬರ್ 1554 ಫೋನಲ್ಲಿ ಇಟ್ಕೊಳ್ಳಿ. ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳೇ ಕಡಲಿಗೆ ಇಳಿಯುದಿಲ್ಲ, ನೀವೂ ಕಯಾಕನ್ನು ತೊಲೆಯಲ್ಲೇ ಬಿಡಿ, ನದಿ ಕೂಡ ಆಗ ಕೆಂಪು ನೀರು, ಅಡಿಯಲ್ಲಿ ಮರದ ದಿಮ್ಮಿ ಬರುದು ಕಾಣುದಿಲ್ಲ.

ಶೀಟ್ ತಂದ ದಿನ ಮೊದಲು ಹಂಡೆಗೆ ಒಂದು ತುಂಡು ಹಾಕಿ. ಮೂರು ದಿನ ಕಳೆದು ಬಿಚ್ಚದೆ ನಿಂತ್ರೆ ಆಚಾರ್ರಿಗೆ ಫೋನ್ ಮಾಡಿ, ಕೀಸುಳಿಯ ಅಲಗು ಮಸೆದು ತನ್ನಿ ಅಂತ.